1971ರ ಎಂಜಿಬಿ ರೋಡ್‌ಸ್ಟರ್ ಕೊಳ್ಳುವ ಮುನ್ನ ಏನೇನು ನೋಡಬೇಕು?

ಹೇಮಾವತಿ ತೀರದವನು, ರೆಡಿಂಗ್

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. ಹನ್ನೊಂದು ವರ್ಷಗಳಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ನಮ್ಮ ತಂದೆಯವರ ಬಳಿ ಅಂಬಾಸಿಡರ್ ಇತ್ತು. ಭಾನುವಾರ ಬೆಳಿಗ್ಗೆ ಅವರು ಬಾನೆಟ್ ಎತ್ತಿ ಪಾಯಿಂಟ್ ಉಜ್ಜುವಾಗ ಟಾರ್ಚ್ ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸವಾಗಿತ್ತು. ಇಲ್ಲಿಗೆ ಬಂದ ಮೇಲೆ ಎಷ್ಟೋ ಸಲ ಬೇಸಿಗೆಯಲ್ಲಿ ಮೇಲ್ಛಾವಣಿ ಮಡಚಿಕೊಂಡು ಹೋಗುವ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳನ್ನು ಕಂಡು, ಇಂಥದ್ದೊಂದನ್ನು ಇಟ್ಟುಕೊಂಡು ನನ್ನ ಕೈಯಿಂದಲೇ ನೋಡಿಕೊಳ್ಳಬೇಕೆಂಬ ಆಸೆ ಬೆಳೆಯುತ್ತಾ ಬಂದಿದೆ.

ಈಗ ಮನೆಯಿಂದ ಹದಿನಾಲ್ಕು ಮೈಲಿ ದೂರದಲ್ಲಿ 1971ರ ರೋಡ್‌ಸ್ಟರ್ (ಮೇಲ್ಛಾವಣಿ ಮಡಚುವ ಮಾದರಿ) ಒಂದು ಮಾರಾಟಕ್ಕಿದೆ. ಕ್ರೋಮ್ ಬಂಪರ್, ಕಡ್ಡಿ ಚಕ್ರ, ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ನಿನ ಸುತ್ತು ಇಳಿಸುವ ಹೆಚ್ಚುವರಿ ಗೇರ್) ಎಲ್ಲವೂ ಇವೆ. ನಿವೃತ್ತ ಶಿಕ್ಷಕರೊಬ್ಬರು ಇಪ್ಪತ್ತಾರು ವರ್ಷಗಳಿಂದ ಇಟ್ಟುಕೊಂಡಿದ್ದಾರೆ. ಅವರು ಕೇಳುತ್ತಿರುವುದು 9,500 ಪೌಂಡ್. ಎರಡು ವರ್ಷಗಳ ಹಿಂದೆ ಗ್ಯಾರೇಜೊಂದರಲ್ಲಿ ಕೆಂಪು ಬಣ್ಣ ಹೊಡೆಸಿದ್ದಾರೆ, ಆಗಲೇ ಬಾಗಿಲುಗಳ ಕೆಳಗಿನ ಸಿಲ್‌ಗಳನ್ನೂ ಹೊಸದಾಗಿ ಹಾಕಿಸಿದ್ದಾಗಿ ಹೇಳುತ್ತಾರೆ. ಆ ಕೆಲಸದ ಚಿತ್ರಗಳು ಅವರಲ್ಲಿಲ್ಲ. ಗಾಡಿ ಸುಲಭವಾಗಿ ಸ್ಟಾರ್ಟ್ ಆಯಿತು. ಓಡುವಾಗ ಆಯಿಲ್ ಪ್ರೆಷರ್ 60ರ ಆಸುಪಾಸಿನಲ್ಲಿತ್ತು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹಿಂದೆ ಸ್ವಲ್ಪ ನೀಲಿ ಹೊಗೆ ಕಾಣಿಸಿತು. ಓವರ್‌ಡ್ರೈವ್ ಕೆಲವೊಮ್ಮೆ ಹಿಡಿಯುತ್ತದೆ, ಕೆಲವೊಮ್ಮೆ ಇಲ್ಲ.

ನನಗಿರುವ ಸಂದೇಹಗಳು ಇವು: ಈ ಹೊಗೆ ಮತ್ತು ಓವರ್‌ಡ್ರೈವ್ ನೋಡಿ ಹಿಂದೆ ಸರಿಯಬೇಕೇ? ಬಣ್ಣ ಇಷ್ಟು ಚೆನ್ನಾಗಿರುವಾಗ ಬಾಡಿಯ ಬಗ್ಗೆ ಇನ್ನೇನನ್ನು ಪರೀಕ್ಷಿಸಬೇಕು? ಮನೆಗೆ ಗ್ಯಾರೇಜಿಲ್ಲ, ಮುಂದಿನ ಅಂಗಳದಲ್ಲಿ ಹೊದಿಕೆ ಹಾಕಿ ನಿಲ್ಲಿಸಬೇಕು. ಸಾಮಾನ್ಯ ಸ್ಪ್ಯಾನರ್ ಸೆಟ್ ಮತ್ತು ವಾರಕ್ಕೊಂದು ಬಿಡುವಿನ ದಿನ ಇರುವವನು ಇಂಥ ಗಾಡಿಯನ್ನು ಸಾಕಬಲ್ಲನೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಕೊವೆಂಟ್ರಿ ಕನ್ನಡಿಗ

ನೀವು ಎಂಜಿನ್ನಿನ ಬಗ್ಗೆ ಮೊದಲು ಕೇಳಿದ್ದೀರಿ. ನಾನು ಬಾಡಿಯ ಬಗ್ಗೆಯೇ ಹೇಳುತ್ತೇನೆ, ಏಕೆಂದರೆ ಎಂಜಿಬಿಯಲ್ಲಿ ನಿಮ್ಮ ದುಡ್ಡು ಹೋಗುವುದು ತಗಡಿಗೆ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಸೀಟು, ದೀಪ, ಎಲ್ಲಕ್ಕೂ ಬಿಡಿಭಾಗಗಳು ಇಂದಿಗೂ ವಾರದೊಳಗೆ ಮನೆ ಬಾಗಿಲಿಗೆ ಬರುತ್ತವೆ. 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಸಮೀಪದ ಆಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಅಷ್ಟು ಗಾಡಿಗಳಿದ್ದುದರಿಂದಲೇ ಬಿಡಿಭಾಗಗಳ ವ್ಯಾಪಾರ ನಿಂತಿಲ್ಲ. ವಿಟ್ನಿಯಲ್ಲಿರುವ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಹುಡುಕಿ ತಂದು, 1988ರಿಂದ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಕೊಡುತ್ತಿದೆ. ಇಡೀ ಬಾಡಿಯನ್ನೇ ಹೊಸದಾಗಿ ಕೊಳ್ಳುವವರಿದ್ದಾರೆ ಎಂದರೆ ಈ ಗಾಡಿಯಲ್ಲಿ ಯಾವುದು ಮೊದಲು ಸಾಯುತ್ತದೆ ಎಂಬುದು ನಿಮಗೆ ಅರ್ಥವಾಗುತ್ತದೆ.

ಎಂಜಿಬಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ಜಿಟಿ ಮಾದರಿಗೆ ಉಕ್ಕಿನ ಮೇಲ್ಛಾವಣಿಯ ಆಸರೆಯಾದರೂ ಇದೆ. ರೋಡ್‌ಸ್ಟರ್‌ಗೆ ಮೇಲೆ ಏನೂ ಇಲ್ಲದ ಕಾರಣ, ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಟ್ಟಿರುವುದು ಬಾಗಿಲುಗಳ ಕೆಳಗೆ ಎರಡೂ ಬದಿಯಲ್ಲಿ ಹಾದುಹೋಗುವ ಸಿಲ್‌ಗಳು ಮತ್ತು ನಡುವಿನ ಸುರಂಗ ಮಾತ್ರ. ಆ ಸಿಲ್ ಒಂದೇ ತಗಡಲ್ಲ. ಹೊರಗೆ ನಮಗೆ ಕಾಣುವ ಹೊರ ಸಿಲ್, ಒಳಗೆ ಕಾಣದ ನಡುಗೋಡೆ, ಅದರಾಚೆ ಕಾರ್ಪೆಟ್ಟಿನ ಬದಿಯ ಒಳ ಸಿಲ್, ಇವೆಲ್ಲದರ ಕೆಳಗೆ ಕೋಟೆಯ ತೆನೆಗಳಂತೆ ಹಲ್ಲುಹಲ್ಲಾಗಿರುವ ಪಟ್ಟಿ. ಇಲ್ಲಿನವರು ಅದನ್ನು ಕ್ಯಾಸಲ್ ರೈಲ್ ಎಂದೇ ಕರೆಯುತ್ತಾರೆ. ಆ ಹಲ್ಲುಗಳ ಸಂದಿಯಿಂದ ನೀರು ಹೊರಹೋಗಬೇಕು. ಸಂದಿಗಳಲ್ಲಿ ಕೆಸರು ಕಟ್ಟಿಕೊಂಡಿತೆಂದರೆ, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪಿನ ನೀರು ಒಳಗೇ ನಿಂತು, ಒಳಗಿನಿಂದ ಹೊರಕ್ಕೆ ತುಕ್ಕು ತಿನ್ನುತ್ತಾ ಬರುತ್ತದೆ. ಹೊರಗಿನ ಬಣ್ಣದ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ನಡುಗೋಡೆ ಮುಗಿದಿರುತ್ತದೆ.

ಇದನ್ನು ನಾನು ದುಬಾರಿಯಾಗಿ ಕಲಿತೆ. ನನ್ನ ಮೊದಲ ಎಂಜಿಬಿ 1969ರದ್ದು, ಕಡು ಹಸಿರು. ಹಳೆಯ ಕಾರುಗಳನ್ನು ಮಾರುವ ಅಂಗಡಿಯೊಂದರಲ್ಲಿ ಅದರ ಹೊಳಪು ಕಂಡು ಕೊಂಡೆ. ಮೂರನೆಯ ಚಳಿಗಾಲದಲ್ಲಿ ಚಕ್ರ ಬದಲಿಸಲೆಂದು ಪಕ್ಕದ ಜಾಕಿಂಗ್ ಪಾಯಿಂಟ್‌ಗೆ ಜಾಕ್ ಕೊಟ್ಟಾಗ ಒಣ ಹಪ್ಪಳ ಮುರಿದಂಥ ಸದ್ದಾಯಿತು. ಗಾಡಿ ಮೇಲೇಳಲಿಲ್ಲ, ಜಾಕ್ ಒಳಗೆ ಹೋಯಿತು. ಬಿಚ್ಚಿ ನೋಡಿದರೆ, ಕೊಳೆತ ಹಳೆಯ ಸಿಲ್ ಮೇಲೆ ಹೊಸದೊಂದು ತಗಡನ್ನು ಮುಚ್ಚಳದಂತೆ ಬೆಸೆದು, ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದಿದ್ದರು. ಸರಿಪಡಿಸಲು ಆರು ವಾರ ಹಿಡಿಯಿತು, ಕೊಂಡ ಬೆಲೆಯ ಅರ್ಧಕ್ಕಿಂತ ಹೆಚ್ಚು ಖರ್ಚಾಯಿತು. ನಿಮ್ಮ ಮಾರಾಟಗಾರರು “ಸಿಲ್ ಹೊಸದು, ಚಿತ್ರಗಳಿಲ್ಲ” ಎಂದಿರುವುದನ್ನು ಓದಿದಾಗ ನನಗೆ ಆ ಸದ್ದೇ ನೆನಪಾಯಿತು. ಅವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳುತ್ತಿಲ್ಲ, ಅವರಿಗೂ ಗೊತ್ತಿಲ್ಲದಿರಬಹುದು.

ಸಿಲ್ ಅನ್ನು ಕ್ರಮವಾಗಿ ಬದಲಿಸಬೇಕಾದರೆ ಮುಂದಿನ ಮಡ್‌ಗಾರ್ಡನ್ನು ಬಿಚ್ಚಲೇಬೇಕು, ಏಕೆಂದರೆ ಹೊರ ಸಿಲ್ ಅದರ ಹಿಂದಕ್ಕೂ ಚಾಚಿಕೊಂಡಿದೆ. ಹಿಂದಿನ ಮಡ್‌ಗಾರ್ಡಿನ ಕೆಳತುದಿಯನ್ನೂ ಕತ್ತರಿಸಬೇಕಾಗುತ್ತದೆ. ಆದ್ದರಿಂದ ಮುಂದಿನ ಚಕ್ರದ ಹಿಂದೆ, ಮಡ್‌ಗಾರ್ಡು ಸಿಲ್‌ಗೆ ಕೂಡುವ ಜಾಗದಲ್ಲಿ ನೇರವಾದ ಸಂದುಗೆರೆ ಸ್ಪಷ್ಟವಾಗಿ ಕಾಣುತ್ತಿದೆಯೇ ನೋಡಿ. ಗೆರೆಯೇ ಇಲ್ಲದೆ ಎಲ್ಲವೂ ನುಣುಪಾಗಿದ್ದರೆ ಅದು ಪುಟ್ಟಿಯ ಕೆಲಸ. ಫ್ರಿಜ್ ಮೇಲೆ ಅಂಟಿಸುವಂಥ ದುರ್ಬಲ ಆಯಸ್ಕಾಂತವೊಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಸಿಲ್ ಉದ್ದಕ್ಕೂ, ಬಾಗಿಲಿನ ಕೆಳ ಅಂಚಿಗೂ, ಹಿಂದಿನ ಚಕ್ರದ ಮುಂಭಾಗಕ್ಕೂ ಆನಿಸಿ ನೋಡಿ. ಹಿಡಿಯದ ಕಡೆ ತಗಡಿಲ್ಲ. ಮುಂದಿನ ಚಕ್ರದ ಗೂಡಿನೊಳಗೆ ಕೈ ಹಾಕಿ ಹಿಂಭಾಗದ ಮೇಲ್ತಟ್ಟನ್ನು ತಡವಿ ನೋಡಿ. ಅಲ್ಲಿ ದಶಕಗಳ ಕೆಸರು ಕೂತಿರುತ್ತದೆ. ಕಾರ್ಪೆಟ್ ಎತ್ತಲು ಅನುಮತಿ ಕೇಳಿ. ಸೀಟಿನ ಹಿಂದಿನ ಮುಚ್ಚಳ ತೆಗೆಸಿ. 1971ರ ಗಾಡಿಯಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳು ಅಲ್ಲಿ ತೊಟ್ಟಿಗಳಲ್ಲಿ ಕೂತಿರುತ್ತವೆ, ಆಸಿಡ್ ಚೆಲ್ಲಿ ತೊಟ್ಟಿಗಳ ತಳ ಹೋಗಿರುವುದು ಸಾಮಾನ್ಯ. ಹಿಂದಿನ ಪಟ್ಟಾ ಸ್ಪ್ರಿಂಗ್‌ಗಳು ಬಾಡಿಗೆ ಕೂಡುವ ಕೊಂಡಿಗಳನ್ನು ಟಾರ್ಚ್ ಹಾಕಿ ನೋಡದೆ ಬರಬೇಡಿ. ಬಾಗಿಲಿನ ಮುಂದಿನ ಪುಟ್ಟ ಗಾಜಿನ ಬುಡದಲ್ಲಿ ತಗಡು ಸೀಳಿರುವುದು ಈ ಗಾಡಿಗಳಿಗೆಲ್ಲ ಇರುವ ಚಾಳಿ. ಅದು ಬೆಲೆ ಇಳಿಸಲು ಕಾರಣವೇ ಹೊರತು ಬಿಟ್ಟು ಬರಲು ಕಾರಣವಲ್ಲ.

ಕೊನೆಯ ಪರೀಕ್ಷೆ ಬಾಗಿಲಿನ ಸಂದಿಯದು. ಬಾಗಿಲಿನ ಹಿಂದಿನ ಅಂಚಿನಲ್ಲಿ ಮೇಲೂ ಕೆಳಗೂ ಸಂದಿ ಒಂದೇ ಅಗಲವಿರಬೇಕು. ಮಾರಾಟಗಾರರ ಒಪ್ಪಿಗೆ ಪಡೆದು, ಗಟ್ಟಿಯಾದ ಜಾಗಕ್ಕೆ ಜಾಕ್ ಕೊಟ್ಟು ಒಂದು ಬದಿಯ ಮುಂಭಾಗವನ್ನು ಮೆಲ್ಲಗೆ ಎತ್ತಿ, ಆ ಸಂದಿಯನ್ನು ಮತ್ತೆ ನೋಡಿ, ಬಾಗಿಲನ್ನು ತೆರೆದು ಮುಚ್ಚಿ. ಸಂದಿಯ ಅಗಲ ಬದಲಾದರೆ, ಬಾಗಿಲು ಹಿಡಿದುಕೊಂಡರೆ, ಗಾಡಿ ನಡುವಿನಲ್ಲಿ ಬಾಗುತ್ತಿದೆ ಎಂದರ್ಥ. ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಹೊಸಬರು ಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆಯ ಗ್ಯಾರೇಜಿನವನು, ಹಾಸನ

ನಾನು ಎಂಜಿಬಿಯನ್ನು ಕಣ್ಣಾರೆ ಕಂಡವನಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ತಂದೆಯವರ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಎಂಜಿಬಿಯ 1798 ಸಿಸಿ ಎಂಜಿನ್ ಒಂದೇ ಮನೆಯ ಮಕ್ಕಳು. ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ ಸೀರೀಸ್ ಎಂಜಿನ್‌ಗಳು. ಅಂಬಾಸಿಡರ್ ಎಂಬುದೇ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸೀರೀಸಿನ ರೂಪ. ಎಂಜಿ ಎಂಬ ಹೆಸರು ಬಂದದ್ದೂ ಆಕ್ಸ್‌ಫರ್ಡಿನ ಮೋರಿಸ್ ಗ್ಯಾರೇಜಸ್‌ನಿಂದ. ನಲವತ್ತು ವರ್ಷ ನಾನು ಬಿಚ್ಚಿ ಕಟ್ಟಿದ ಎಂಜಿನ್ನಿನ ಅಣ್ಣನನ್ನೇ ನೀವು ಕೊಳ್ಳಲು ಹೊರಟಿದ್ದೀರಿ. ಆದ್ದರಿಂದ ಎಂಜಿನ್ನಿನ ಬಗ್ಗೆ ಧೈರ್ಯವಾಗಿರಿ.

ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಮಾತ್ರ ನೀಲಿ ಹೊಗೆ ಬಂದರೆ, ವಾಲ್ವ್ ಗೈಡ್ (ವಾಲ್ವ್ ಜಾರುವ ಕೊಳವೆ) ಸವೆದು ಆಯಿಲ್ ಕೆಳಗಿಳಿಯುತ್ತಿದೆ ಎಂದು ಮೊದಲು ಸಂಶಯಿಸಬೇಕು. ಏರಿನಲ್ಲಿ ಎಳೆಯುವಾಗ ನಿರಂತರವಾಗಿ ಹೊಗೆ ಬಂದರೆ ಪಿಸ್ಟನ್ ರಿಂಗ್‌ಗಳ ಕಡೆ ನೋಡಬೇಕು. ಮೊದಲನೆಯದಕ್ಕೆ ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸಿದರೆ ಸಾಕು, ಎರಡನೆಯದಕ್ಕೆ ಎಂಜಿನ್ ಪೂರ್ತಿ ಬಿಚ್ಚಬೇಕು. ನೀವು ವಿವರಿಸಿರುವುದು ಮೊದಲನೆಯದನ್ನು ಹೋಲುತ್ತದೆ. ಕೊಳ್ಳುವ ಮುನ್ನ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ನೋಡಿಸಿ. ಅಂಕಿ ಎಷ್ಟು ಎಂಬುದಕ್ಕಿಂತ ನಾಲ್ಕೂ ಒಂದಕ್ಕೊಂದು ಹತ್ತಿರವಿವೆಯೇ ಎಂಬುದು ಮುಖ್ಯ. ಆಯಿಲ್ ಪ್ರೆಷರನ್ನು ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆಯೇ ನೋಡಬೇಕು. ಆಗಲೂ ಓಟದಲ್ಲಿ 50 ಪಿಎಸ್‌ಐ ಮೇಲಿದ್ದು, ಐಡ್ಲಿಂಗ್‌ನಲ್ಲಿ 15ಕ್ಕಿಂತ ಕೆಳಗಿಳಿಯದಿದ್ದರೆ ಬೇರಿಂಗ್‌ಗಳ ಬಗ್ಗೆ ಚಿಂತಿಸಬೇಕಾಗಿಲ್ಲ. 1964ರ ಕೊನೆಯಿಂದ ಈ ಎಂಜಿನ್ನಿಗೆ ಮೂರರ ಬದಲು ಐದು ಮೇನ್ ಬೇರಿಂಗ್‌ಗಳನ್ನು ಕೊಟ್ಟಿದ್ದಾರೆ. ಅಂಬಾಸಿಡರಿನದಕ್ಕಿಂತ ಅದು ಗಟ್ಟಿ.

ಇನ್ನು ಟ್ಯಾಪೆಟ್, ಅಂದರೆ ವಾಲ್ವ್‌ಗಳ ಮೇಲಿನ ಸಂದಿ. ಪುಸ್ತಕದಲ್ಲಿ ತಣ್ಣಗಿನ ಎಂಜಿನ್ನಿಗೆ 0.015 ಇಂಚು ಎಂದಿದೆ. ನಿಮ್ಮ ತಂದೆಯವರಿಗೆ ಒಂಬತ್ತರ ಲೆಕ್ಕ ಖಂಡಿತ ಗೊತ್ತಿರುತ್ತದೆ. ಎಂಟು ವಾಲ್ವ್‌ಗಳಿಗೆ ಮುಂದಿನಿಂದ ಒಂದರಿಂದ ಎಂಟರವರೆಗೆ ಸಂಖ್ಯೆ ಕೊಡಿ. ಒಂದನೆಯದು ಪೂರ್ತಿ ತೆರೆದಿರುವಾಗ ಎಂಟನೆಯದನ್ನು, ಎರಡನೆಯದು ತೆರೆದಿರುವಾಗ ಏಳನೆಯದನ್ನು, ಮೂರು ತೆರೆದಾಗ ಆರನ್ನು, ಹೀಗೆ ಎರಡರ ಮೊತ್ತ ಸದಾ ಒಂಬತ್ತಾಗುವಂತೆ ಸೆಟ್ ಮಾಡುತ್ತಾ ಹೋಗಬೇಕು. ಫೀಲರ್ ಗೇಜ್ ಸಂದಿಯಲ್ಲಿ ಸಡಿಲವಾಗಿ ಜಾರಬಾರದು, ಸಿಕ್ಕಿಹಾಕಿಕೊಳ್ಳಲೂಬಾರದು. ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಬರಬೇಕು. ಟ್ಯಾಪೆಟ್ ಸ್ವಲ್ಪ ಸದ್ದು ಮಾಡಿದರೆ ಮಾಡಲಿ. ಸದ್ದಡಗಿಸಲೆಂದು ಬಿಗಿ ಮಾಡಿದವರೇ ವಾಲ್ವ್ ಸುಟ್ಟುಕೊಂಡಿದ್ದಾರೆ.

ನಿಮ್ಮದರಲ್ಲಿ ಎಸ್‌ಯು ಕಾರ್ಬುರೇಟರ್‌ಗಳು ಎರಡಿವೆ. ಮೇಲಿನ ಗೋಪುರದಂಥ ಭಾಗದ ಮುಚ್ಚಳ ಬಿಚ್ಚಿ ಅದರೊಳಗೆ ಆಯಿಲ್ ಇದೆಯೇ ನೋಡಬೇಕು. ಅದು ಖಾಲಿಯಾಗಿದ್ದರೆ ಪಿಸ್ಟನ್ ತಟ್ಟನೆ ಮೇಲೇಳುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ. ಜನ ಅದನ್ನು ಪ್ಲಗ್‌ನ ದೋಷವೆಂದುಕೊಂಡು ದುಡ್ಡು ಕಳೆಯುತ್ತಾರೆ. ಐಡ್ಲಿಂಗ್‌ನಲ್ಲಿ ಒಂದು ಕಾರ್ಬುರೇಟರಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ನೋಡಿ. ಎಂಜಿನ್ ವೇಗ ಹೆಚ್ಚಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ, ನಿಂತೇಹೋದರೆ ಕಡಿಮೆಯಾಗಿದೆ, ಕ್ಷಣ ಹೆಚ್ಚಿ ಮತ್ತೆ ಮೊದಲಿನಂತಾದರೆ ಸರಿಯಾಗಿದೆ. ಎರಡೂ ಸಮವಾಗಿ ಗಾಳಿ ಎಳೆಯುತ್ತಿವೆಯೇ ಎಂದು ತಿಳಿಯಲು ಒಂದು ರಬ್ಬರ್ ಕೊಳವೆ ಸಾಕು: ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ. ಎರಡರ ಬುಸುಗುಟ್ಟುವ ಸದ್ದೂ ಒಂದೇ ಆಗುವವರೆಗೆ ತಿರುಗಿಸುತ್ತಾ ಹೋಗಿ. ಕಿವಿ ಒಂದೆರಡು ವಾರದಲ್ಲಿ ಪಳಗುತ್ತದೆ. ಆದರೆ ಒಂದು ಮಾತು: ಮೊದಲು ಟ್ಯಾಪೆಟ್, ಆಮೇಲೆ ಪಾಯಿಂಟ್ ಮತ್ತು ಟೈಮಿಂಗ್, ಎಲ್ಲಕ್ಕೂ ಕೊನೆಗೆ ಕಾರ್ಬುರೇಟರ್. ಈ ಕ್ರಮ ತಪ್ಪಿಸಿದವರ ಗಾಡಿ ಎಂದೂ ಸರಿಯಾಗಿ ಓಡಿದ್ದನ್ನು ನಾನು ಕಂಡಿಲ್ಲ.

ಆಬಿಂಗ್ಡನ್ ನೆರೆಯವಳು

ನಾನು 1973ರ ಎಂಜಿಬಿ ಜಿಟಿಯನ್ನು ಹದಿನೈದು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಮೇಲಿನ ಇಬ್ಬರೂ ಮುಖ್ಯವಾದುದನ್ನು ಹೇಳಿದ್ದಾರೆ. ಉಳಿದದ್ದನ್ನು ನಾನು ಸೇರಿಸುತ್ತೇನೆ.

ಇಲ್ಲಿ ನಲವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡುಗಳಿಲ್ಲದ ಗಾಡಿಗಳಿಗೆ 2018ರ ಮೇ ತಿಂಗಳಿನಿಂದ ವಾರ್ಷಿಕ ಎಂಒಟಿ ತಪಾಸಣೆಯ ಕಡ್ಡಾಯವಿಲ್ಲ. ಹಾಗೆಂದರೆ ನೀವು ನೋಡಿದ ಗಾಡಿಯನ್ನು ಕೆಲವು ವರ್ಷಗಳಿಂದ ಯಾರೂ ಕೆಳಗಿನಿಂದ ನೋಡದೇ ಇರಬಹುದು. ನೋಂದಣಿ ಸಂಖ್ಯೆ ಕೊಟ್ಟರೆ ಸರ್ಕಾರದ ಜಾಲತಾಣದಲ್ಲಿ ಹಳೆಯ ತಪಾಸಣೆಗಳ ಇತಿಹಾಸ ಉಚಿತವಾಗಿ ಸಿಗುತ್ತದೆ. ಯಾವ ವರ್ಷ ಎಲ್ಲಿ ತುಕ್ಕಿದೆ ಎಂದು ಎಚ್ಚರಿಸಿದ್ದರು ಎಂಬುದನ್ನೂ, ಪ್ರತಿ ವರ್ಷದ ಮೈಲಿಯನ್ನೂ ಅಲ್ಲಿ ಓದಬಹುದು. ಅದನ್ನು ಓದಿಕೊಂಡೇ ಹೋಗಿ. ಕಡ್ಡಾಯವಿಲ್ಲದಿದ್ದರೂ ತಪಾಸಣೆ ಮಾಡಿಸಲು ಅವಕಾಶವಿದೆ, ನಾನು ಪ್ರತಿ ವಸಂತದಲ್ಲಿ ಮಾಡಿಸುತ್ತೇನೆ. ರಸ್ತೆ ತೆರಿಗೆ ಶೂನ್ಯವಾದರೂ ಅರ್ಜಿಯನ್ನಂತೂ ಸಲ್ಲಿಸಬೇಕು. ವಿಮೆ ಮಾಡಿಸುವಾಗ ಗಾಡಿಯ ಮೌಲ್ಯವನ್ನು ಮೊದಲೇ ಒಪ್ಪಿಕೊಳ್ಳುವ ಪಾಲಿಸಿಯನ್ನೇ ಕೇಳಿ.

2021ರ ಸೆಪ್ಟೆಂಬರಿನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇದೆ. ಅದು ಹಳೆಯ ರಬ್ಬರ್ ಕೊಳವೆಗಳನ್ನು ಮೆದುಗೊಳಿಸಿ ಸೀಳುತ್ತದೆ, ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಜಿನುಗುವುದು ಬೆಂಕಿಗೆ ಆಹ್ವಾನ. ಎಥನಾಲ್ ಕಡಿಮೆ ಇರುವ, ಇ5 ಎಂದು ಬರೆದಿರುವ ಸೂಪರ್ ದರ್ಜೆಯನ್ನೇ ಹಾಕಿಸಿ, ಎಥನಾಲ್ ತಾಳುವ ಕೊಳವೆಗಳನ್ನು ಮೊದಲ ತಿಂಗಳಲ್ಲೇ ಬದಲಿಸಿ. ಸೀಸದ ಪೆಟ್ರೋಲ್ 2000ದಿಂದ ಇಲ್ಲವಾದ್ದರಿಂದ, ಹೆಡ್‌ನಲ್ಲಿ ಗಟ್ಟಿ ಮಾಡಿದ ಎಕ್ಸಾಸ್ಟ್ ವಾಲ್ವ್ ಸೀಟುಗಳನ್ನು ಹಾಕಿಸಿದ್ದಾರೆಯೇ ಕೇಳಿ. ಗೈಡ್‌ಗಳಿಗಾಗಿ ಹೆಡ್ ಇಳಿಸುವುದಾದರೆ ಅದನ್ನೂ ಆಗಲೇ ಮಾಡಿಸಬಹುದು.

ಓವರ್‌ಡ್ರೈವ್ ಆಗಾಗ ಹಿಡಿಯದಿದ್ದರೆ ನೂರಕ್ಕೆ ತೊಂಬತ್ತು ಪಾಲು ಹೆದರಬೇಕಾಗಿಲ್ಲ ಎನ್ನುವುದು ನನ್ನ ಅನುಭವ. ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಒಂದೇ ಆಯಿಲ್. ಮಟ್ಟ ಕಡಿಮೆಯಾಗಿದ್ದರೆ ಹಿಡಿಯುವುದಿಲ್ಲ. ಅದು ಸರಿಯಿದ್ದರೆ ಗೇರ್‌ಬಾಕ್ಸ್ ಮೇಲಿನ ಸ್ವಿಚ್ಚನ್ನೂ ಓವರ್‌ಡ್ರೈವನ್ನು ಹಿಡಿಸುವ ಸೊಲೆನಾಯ್ಡಿಗೆ (ವಿದ್ಯುತ್ ಆಯಸ್ಕಾಂತ) ಹೋಗುವ ತಂತಿಯ ಕೊಂಡಿಗಳನ್ನೂ ನೋಡಬೇಕು. ಈ ಗಾಡಿಗಳ ವಿದ್ಯುತ್ ತೊಂದರೆಗಳಲ್ಲಿ ಬಹುಪಾಲು ಕಿಲುಬು ಹಿಡಿದ ಕೊಂಡಿಗಳಿಂದಲೂ ಅರ್ತ್ ಸರಿಯಿಲ್ಲದ್ದರಿಂದಲೂ ಬರುತ್ತವೆ. ತಂತಿಗಳ ಬಣ್ಣಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಕಪ್ಪು ಅರ್ತ್, ಕಂದು ಬ್ಯಾಟರಿಯಿಂದ ನೇರ, ಬಿಳಿ ಕೀಲಿ ತಿರುಗಿಸಿದಾಗ, ಹಸಿರು ಕೀಲಿಯ ನಂತರ ಫ್ಯೂಸ್ ದಾಟಿ ಬಂದದ್ದು.

ಎರಡು ಅಭ್ಯಾಸಗಳನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗುವ ಕಿಂಗ್‌ಪಿನ್‌ಗಳಿಗೆ ಪ್ರತಿ ಬದಿಯಲ್ಲಿ ಮೂರು ಗ್ರೀಸ್ ನಿಪ್ಪಲ್‌ಗಳಿವೆ; 3,000 ಮೈಲಿಗೊಮ್ಮೆ, ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ, ಚಕ್ರದ ಭಾರ ಇಳಿಸಿ ಗ್ರೀಸ್ ತುಂಬಿ. ಎರಡನೆಯದಾಗಿ, ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡು ನಿಲ್ಲಬೇಡಿ, ನ್ಯೂಟ್ರಲ್‌ಗೆ ತನ್ನಿ. ಇದರ ಕ್ಲಚ್ ಬೇರಿಂಗ್ ಗ್ರಾಫೈಟ್‌ನದು, ಒತ್ತಿದಷ್ಟೂ ಸವೆಯುತ್ತದೆ. ಬದಲಿಸಬೇಕಾದರೆ ಎಂಜಿನ್ನನ್ನೇ ಇಳಿಸಬೇಕು.

ಹೇಮಾವತಿ ತೀರದವನು, ರೆಡಿಂಗ್

ಇಷ್ಟು ವಿವರವಾಗಿ ಬರೆದ ಮೂವರಿಗೂ ಕೃತಜ್ಞತೆಗಳು. ನಿನ್ನೆ ಹೋಗಿ ಬಂದೆ.

ಹೊರಡುವ ಮುನ್ನ ಎಂಒಟಿ ಇತಿಹಾಸ ತೆಗೆದು ನೋಡಿದೆ. 2014ರಲ್ಲೂ 2016ರಲ್ಲೂ ಎಡಬದಿಯ ಒಳ ಸಿಲ್ ತುಕ್ಕು ಹಿಡಿದಿದೆ ಎಂಬ ಎಚ್ಚರಿಕೆ ಇತ್ತು. 2017ರ ನಂತರ ತಪಾಸಣೆಯೇ ಇಲ್ಲ. ಬಲಬದಿಯಲ್ಲಿ ಆಯಸ್ಕಾಂತ ಉದ್ದಕ್ಕೂ ಹಿಡಿಯಿತು, ಸಂದುಗೆರೆಯೂ ಸ್ಪಷ್ಟವಾಗಿತ್ತು. ಎಡಬದಿಯಲ್ಲಿ ಮುಂದಿನ ಚಕ್ರದ ಹಿಂದೆ ಗೆರೆ ಕಾಣಲಿಲ್ಲ, ಅಂಗೈ ಅಗಲದಷ್ಟು ಜಾಗದಲ್ಲಿ ಆಯಸ್ಕಾಂತ ಜಾರಿ ಬಿತ್ತು. ಜಾಕ್ ಕೊಟ್ಟಾಗ ಬಾಗಿಲು ಹಿಡಿದುಕೊಳ್ಳಲಿಲ್ಲ, ಆದರೆ ಮೇಲಿನ ಸಂದಿ ಸ್ವಲ್ಪ ಕಿರಿದಾದಂತೆ ನನಗೂ ಮಾಲೀಕರಿಗೂ ಕಂಡಿತು. ಅವರ ಮುಖ ಬಾಡಿತು. ಎರಡೂ ಬದಿಗೆ ಹಣ ಕೊಟ್ಟಿದ್ದ ರಸೀದಿಯನ್ನು ತಂದು ತೋರಿಸಿದರು. ಎಂಜಿನ್ ವಿಷಯದಲ್ಲಿ ಹಾಸನದ ಹಿರಿಯರು ಹೇಳಿದಂತೆಯೇ ಆಯಿತು: ಬಿಸಿಯಾದ ಮೇಲೆ 55, ಐಡ್ಲಿಂಗ್‌ನಲ್ಲಿ 20, ನಾಲ್ಕೂ ಸಿಲಿಂಡರು ಹತ್ತಿರ ಹತ್ತಿರ. ಗೇರ್‌ಬಾಕ್ಸ್ ಆಯಿಲ್ ಕಡ್ಡಿಯ ತುದಿಗಷ್ಟೇ ಮುಟ್ಟುತ್ತಿತ್ತು. ತುಂಬಿಸಿದ ಮೇಲೆ ಓವರ್‌ಡ್ರೈವ್ ಪ್ರತಿ ಸಲವೂ ಹಿಡಿಯಿತು.

ಅವರು 2,500 ಪೌಂಡ್ ಇಳಿಸಲು ಸಿದ್ಧರಿದ್ದಾರೆ. ಒಂದೇ ಬದಿಯ ಕೆಲಸವಾದ್ದರಿಂದ ಕೊಳ್ಳಬಹುದೇ?

ಕೊವೆಂಟ್ರಿ ಕನ್ನಡಿಗ

ಮುಚ್ಚಿದ ಸ್ಥಿತಿಯಲ್ಲಿ ಯಾವ ಬೆಲೆಗೂ ಬೇಡ. ಹೊರ ಸಿಲ್ ಕತ್ತರಿಸುವವರೆಗೆ ನಡುಗೋಡೆ ಎಷ್ಟು ಉಳಿದಿದೆ ಎಂದು ಯಾರೂ ಹೇಳಲಾರರು. 2,500 ಸಾಕಾಗಬಹುದು, ಅದರ ಎರಡರಷ್ಟು ಬೇಕಾಗಲೂಬಹುದು. ಎಂಜಿಬಿ ಬಾಡಿ ಕೆಲಸ ಬಲ್ಲ ವೆಲ್ಡರ್ ಒಬ್ಬರ ಬಳಿ ಮಾಲೀಕರೇ ಗಾಡಿಯನ್ನು ಕೊಟ್ಟು, ಎಡ ಮಡ್‌ಗಾರ್ಡ್ ಬಿಚ್ಚಿಸಿ, ಲಿಖಿತ ಅಂದಾಜು ಪಡೆಯಲಿ. ಬಿಚ್ಚಿಸುವ ಕೂಲಿಯನ್ನು ನೀವು ಅರ್ಧ ಹಂಚಿಕೊಳ್ಳುವುದಾಗಿ ಹೇಳಿ, ಅದು ನ್ಯಾಯ. ಕತ್ತರಿಸುವ ಮುನ್ನ ಬಾಗಿಲಿನ ತೆರವಿಗೆ ಅಡ್ಡ ಸರಳು ಬೆಸೆದು ಬಾಡಿಯನ್ನು ಬಿಗಿಯುವವರೇ ಆಗಿರಬೇಕು. ಹಾಗೆ ಮಾಡದೆ ಕತ್ತರಿಸಿದರೆ ಬಾಡಿ ಕುಸಿದ ಸ್ಥಿತಿಯಲ್ಲೇ ಹೊಸ ಸಿಲ್ ಕೂತುಬಿಡುತ್ತದೆ, ಆಮೇಲೆ ಬಾಗಿಲು ಎಂದೂ ಸರಿಹೋಗುವುದಿಲ್ಲ.

ಹೇಮಾವತಿ ತೀರದವನು, ರೆಡಿಂಗ್

ಹಾಗೆಯೇ ಹೇಳಿದೆ, ಅವರು ಒಪ್ಪಿದರು. ತಮ್ಮ ಗಾಡಿಯ ಒಳಗೆ ಏನಿದೆ ಎಂದು ತಮಗೂ ತಿಳಿಯಬೇಕು ಎಂದರು. ವೆಲ್ಡರ್ ಮುಂದಿನ ಗುರುವಾರ ಮಡ್‌ಗಾರ್ಡ್ ಬಿಚ್ಚುತ್ತಾರೆ. ನಾನು ರಜೆ ಹಾಕಿದ್ದೇನೆ. ಅಲ್ಲಿ ಕಂಡದ್ದರ ಚಿತ್ರಗಳನ್ನೂ ಅಂದಾಜನ್ನೂ ಇಲ್ಲಿಯೇ ಹಾಕುತ್ತೇನೆ.